ತೀರ್ಪು ಬಂದ ಮೇಲೆ ಕೇಳುವವರು ಯಾರು? ಉಗ್ರ ಕೃತ್ಯದ ಕೈದಿಗಳು ಮತ್ತು ನಮ್ಮ ಸಂಸತ್ತು

2023ರ ಡಿಸೆಂಬರ್ 18ರಂದು ರಾಷ್ಟ್ರೀಯ ತನಿಖಾ ಸಂಸ್ಥೆಯಾದ ಎನ್‌ಐಎ ಕರ್ನಾಟಕ, ಮಹಾರಾಷ್ಟ್ರ, ಜಾರ್ಖಂಡ್ ಮತ್ತು ದೆಹಲಿಯ 19 ಕಡೆ ದಾಳಿ ಮಾಡಿ ಉಗ್ರ ಕೃತ್ಯದ ಆರೋಪದ ಮೇಲೆ ಎಂಟು ಮಂದಿಯನ್ನು ಬಂಧಿಸಿತು. ಆ ಗುಂಪಿಗೆ ಅಂಟಿಕೊಂಡ ಹೆಸರು ‘ಬಳ್ಳಾರಿ ಮಾಡ್ಯೂಲ್’. ಗಣಿ ಮತ್ತು ಜೀನ್ಸ್‌ನಿಂದ ಗುರುತಾದ ಊರಿನ ಜನಕ್ಕೆ ಅದು ಸಣ್ಣ ನೋವಲ್ಲ. ಅವರ ಮೇಲಿರುವುದು ಆರೋಪ, ತೀರ್ಪು ಕೊಡುವುದು ಕೋರ್ಟ್. ನನ್ನ ಪ್ರಶ್ನೆ ಅದರ ಮುಂದಿನದು. ಇಂಥ ಕೇಸಿನಲ್ಲಿ ಯಾರಿಗಾದರೂ ಶಿಕ್ಷೆ ಆಯಿತು ಅಂತಿಟ್ಟುಕೊಳ್ಳಿ. ಆಮೇಲೆ ಸರ್ಕಾರ ಅವರನ್ನು ಹೇಗೆ ಇಟ್ಟಿದೆ, ಯಾವಾಗ ಬಿಡುತ್ತದೆ, ಬಿಟ್ಟ ಮೇಲೆ ಯಾರು ಕಣ್ಣಿಡುತ್ತಾರೆ ಎಂದು ಜನರ ಪರವಾಗಿ ಕೇಳುವವರು ಯಾರು?

ಬಳ್ಳಾರಿಗೂ ಜೈಲಿಗೂ ಹಳೆಯ ನಂಟು. 2024ರ ಆಗಸ್ಟ್‌ನಲ್ಲಿ ಪರಪ್ಪನ ಅಗ್ರಹಾರದಲ್ಲಿ ವಿಶೇಷ ಸವಲತ್ತಿನ ಗಲಾಟೆ ಎದ್ದಾಗ ನಟ ದರ್ಶನ್ ಅವರನ್ನು ಕಳಿಸಿದ್ದೂ ಇಲ್ಲಿಗೇ. ಅದಕ್ಕೆ ಸುಮಾರು ನೂರು ವರ್ಷ ಮೊದಲು, 1921ರ ನವೆಂಬರ್‌ನಲ್ಲಿ, ಕೇರಳದಲ್ಲಿ ಬ್ರಿಟಿಷರ ವಿರುದ್ಧ ಎದ್ದ ಮಲಬಾರ್ ಬಂಡಾಯದ ಕೈದಿಗಳನ್ನು ತಿರೂರಿನಿಂದ ಬಳ್ಳಾರಿ ಜೈಲಿಗೆಂದು ಸಾಮಾನು ಸಾಗಿಸುವ ಬೋಗಿಯಲ್ಲಿ ತುಂಬಿ ಕಳಿಸಿದರು. ಬಾಗಿಲು ಹೊರಗಿನಿಂದ ಬಂದ್. ಗಾಳಿಯಾಡಲೆಂದು ಇದ್ದ ಜಾಲರಿ ಬಣ್ಣ, ದೂಳು ಕಟ್ಟಿ ಮುಚ್ಚಿಹೋಗಿತ್ತು. ಕೊಯಮತ್ತೂರು ಹತ್ತಿರದ ಪೋದನೂರಿನಲ್ಲಿ ಬಾಗಿಲು ತೆಗೆದಾಗ ಹೆಣಗಳು ಬಿದ್ದಿದ್ದವು. ಸತ್ತವರು 60ಕ್ಕೂ ಜಾಸ್ತಿ. ಅವರು ಬಳ್ಳಾರಿ ನೋಡಲೇ ಇಲ್ಲ. ವಿಚಾರಣೆಗೆ ಸಮಿತಿ ಮಾಡಿದ್ದೂ ಅದೇ ಬ್ರಿಟಿಷ್ ಸರ್ಕಾರ, ಅದರ ಮುಖ್ಯಸ್ಥ ಅದರದ್ದೇ ಅಧಿಕಾರಿ. ಈ ಘಟನೆಯನ್ನು ಹೇಳಲು ಕಾರಣವಿದೆ. ಸರ್ಕಾರದ ವಶದಲ್ಲಿರುವ ಮನುಷ್ಯನ ಲೆಕ್ಕವನ್ನು ಸರ್ಕಾರ ತನಗೆ ತಾನೇ ಒಪ್ಪಿಸಿದರೆ ಸಾಲದು. ಆರಿಸಿ ಬಂದ ಸಂಸತ್ತು ಬೇಕಾದದ್ದೇ ಇದಕ್ಕೆ.

ಹಾಗಾದರೆ ಸಂಸತ್ತು ಏನು ಮಾಡಿದೆ? ಕಾನೂನು ಮಾಡುವಾಗ ಬೇಕಾದಷ್ಟು ಮಾತಾಡಿದೆ. 1985ರಲ್ಲಿ ಭಯೋತ್ಪಾದನೆ ತಡೆಯುವ ಟಾಡಾ ಕಾನೂನು ಬಂತು. ಅದರಲ್ಲಿ ಒಂದು ಒಳ್ಳೆಯ ಅಂಶವಿತ್ತು: ಅದಕ್ಕೆ ಎರಡೇ ವರ್ಷ ಆಯಸ್ಸು. ಮುಂದುವರಿಸಬೇಕಾದರೆ ಸರ್ಕಾರ ಮತ್ತೆ ಸಂಸತ್ತಿಗೆ ಬರಲೇಬೇಕು. 1995ರ ಫೆಬ್ರುವರಿಯಲ್ಲಿ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷ ರಂಗನಾಥ ಮಿಶ್ರಾ ಎಲ್ಲ ಸಂಸದರಿಗೂ ಪತ್ರ ಬರೆದು, ಇದನ್ನು ಮುಂದುವರಿಸಬೇಡಿ ಎಂದು ಕೇಳಿಕೊಂಡರು. ಮೇ ತಿಂಗಳಲ್ಲಿ ಕಾನೂನು ತಾನಾಗಿ ಬಿದ್ದುಹೋಯಿತು. ಅದೇ ಬಗೆಯ ಪೋಟಾ ಕಾನೂನು ಬಂದಾಗಲೂ ಮೂರು ವರ್ಷದ ಗಡುವಿತ್ತು. ಅದನ್ನು ಪಾಸು ಮಾಡಲು 2002ರ ಮಾರ್ಚ್‌ನಲ್ಲಿ ಎರಡೂ ಸದನ ಒಟ್ಟಿಗೆ ಸೇರಬೇಕಾಯಿತು. ಪರ 425, ವಿರುದ್ಧ 296. 2004ರಲ್ಲಿ ಪೋಟಾ ತೆಗೆದರು, ಅದರ ಮುಖ್ಯ ಭಾಗಗಳನ್ನು 1967ರ ಯುಎಪಿಎಗೆ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಸೇರಿಸಿದರು. ಯುಎಪಿಎಗೆ ಗಡುವೇ ಇಲ್ಲ. ನನ್ನ ಮಟ್ಟಿಗೆ ಈ ಕಥೆಯ ದೊಡ್ಡ ತಿರುವು ಇದೇ. ಸಂಸತ್ತು ಕಡ್ಡಾಯವಾಗಿ ಹಿಂತಿರುಗಿ ನೋಡಬೇಕಾದ ದಿನ ಎಂಬುದೇ ಅಲ್ಲಿಗೆ ಇಲ್ಲವಾಯಿತು.

ಕಾನೂನು ಸತ್ತರೂ ಕೈದಿ ಇರುತ್ತಾನಲ್ವಾ? 1993ರ ಪಾಲಾರ್ ಸ್ಫೋಟದ ಕೇಸನ್ನೇ ನೋಡಿ. ವೀರಪ್ಪನ್ ಸಹಚರರಾದ ನಾಲ್ವರಿಗೆ ಮೈಸೂರಿನ ಟಾಡಾ ಕೋರ್ಟ್ ಜೀವಾವಧಿ ಕೊಟ್ಟಿದ್ದು 2001ರಲ್ಲಿ, ಟಾಡಾ ಹೋಗಿ ಆರು ವರ್ಷದ ಮೇಲೆ. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಲ್ಲು ಶಿಕ್ಷೆಗೆ ಹೆಚ್ಚಿಸಿತು. ಕ್ಷಮಾದಾನದ ಅರ್ಜಿ ವರ್ಷಗಟ್ಟಲೆ ಫೈಲಿನಲ್ಲೇ ಉಳಿದು, ತಿರಸ್ಕಾರವಾದದ್ದು 2013ರ ಫೆಬ್ರುವರಿಯಲ್ಲಿ. ಅಷ್ಟೂ ಕಾಲ ಸತ್ತ ಪೊಲೀಸರ ಮನೆಯವರಿಗೂ ಉತ್ತರವಿಲ್ಲ, ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದವರಿಗೂ ಇಲ್ಲ. 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಿಳಂಬವನ್ನೇ ಕಾರಣ ಮಾಡಿ ಗಲ್ಲನ್ನು ಜೀವಾವಧಿಗೆ ಇಳಿಸಿತು. ತಡ ಮಾಡಿದ್ದು ಸರ್ಕಾರ, ಅದಕ್ಕೆ ಲೆಕ್ಕ ಕೇಳಿದ್ದು ಕೋರ್ಟ್.

ಬಿಡುಗಡೆಯ ವಿಷಯದಲ್ಲೂ ಹೀಗೇ. ರಾಜೀವ್ ಗಾಂಧಿ ಹತ್ಯೆ ಕೇಸಿನಲ್ಲಿ ಟಾಡಾ ಆರೋಪಗಳು 1999ರಲ್ಲೇ ಬಿದ್ದು, ಕೊಲೆಯ ಅಪರಾಧ ಉಳಿದಿತ್ತು. 2014ರಲ್ಲಿ ತಮಿಳುನಾಡು ಸರ್ಕಾರ ಏಳು ಜನರನ್ನು ಬಿಡಲು ಹೊರಟಾಗ ಕೇಂದ್ರ ಅಡ್ಡ ಬಂತು. ಕೇಂದ್ರದ ಸಂಸ್ಥೆ ತನಿಖೆ ಮಾಡಿದ ಕೇಸಿನಲ್ಲಿ ಕೇಂದ್ರದ ಒಪ್ಪಿಗೆ ಇಲ್ಲದೆ ಶಿಕ್ಷೆ ಕಡಿತ ಮಾಡುವಂತಿಲ್ಲ ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೊನೆಗೆ 2022ರಲ್ಲಿ ಅವರನ್ನು ಬಿಟ್ಟಿದ್ದೂ ಕೋರ್ಟೇ.

ಸಂಸದರು ಪ್ರಶ್ನೆ ಕೇಳುವುದಿಲ್ಲ ಎಂದಲ್ಲ. ಕೇಳುತ್ತಾರೆ. ಗೃಹ ಇಲಾಖೆಯ ಉತ್ತರ ತೆಗೆದು ನೋಡಿ, ಸಾಮಾನ್ಯವಾಗಿ ಮೊದಲ ಸಾಲಲ್ಲೇ ಇರುತ್ತದೆ: ಜೈಲು ಮತ್ತು ಅಲ್ಲಿರುವ ಕೈದಿಗಳು ಸಂವಿಧಾನದ ಏಳನೇ ಅನುಸೂಚಿಯ ಪ್ರಕಾರ ರಾಜ್ಯದ ವಿಷಯ. ಮಾತು ನಿಜವೇ. ಆದರೆ ಯುಎಪಿಎ ಕೇಂದ್ರದ ಕಾನೂನು, ಎನ್‌ಐಎ ಕೇಂದ್ರದ ಸಂಸ್ಥೆ. ಹಿಡಿಯುವುದು ದೆಹಲಿ, ಇಟ್ಟುಕೊಳ್ಳುವುದು ಬೆಂಗಳೂರು. ನಡುವೆ ಹೊಣೆ ಜಾರಿಹೋಗುತ್ತದೆ. 2021ರ ಫೆಬ್ರುವರಿಯಲ್ಲಿ ರಾಜ್ಯಸಭೆಗೆ ಕೊಟ್ಟ ಉತ್ತರದ ಪ್ರಕಾರ 2016ರಿಂದ 2019ರವರೆಗೆ ಯುಎಪಿಎ ಅಡಿ ಬಂಧಿತರು 5,922, ಶಿಕ್ಷೆಯಾದವರು 132. ವಿಚಾರಣೆಗೆ ವರ್ಷಗಳೇ ಹಿಡಿಯುತ್ತವೆ, ಹಾಗಾಗಿ ಎರಡು ಸಂಖ್ಯೆಯನ್ನು ನೇರ ಹೋಲಿಸುವುದು ಸರಿಯಲ್ಲ. ಆದರೂ ಆ 132 ಮಂದಿಯನ್ನು ಜೈಲಿನಲ್ಲಿ ಹೇಗೆ ನಡೆಸಿಕೊಳ್ಳಲಾಗುತ್ತಿದೆ ಎಂಬುದು ಆ ಅಂಕಿಯಲ್ಲಿಲ್ಲ.

ಸುಮ್ನೆ ಒಳಗೆ ಹಾಕಿದರೆ ಮುಗಿಯುವುದಿಲ್ಲ ಎಂಬುದು ನಮ್ಮ ರಾಜ್ಯದಲ್ಲೇ ಕಾಣುತ್ತಿದೆ. 2023ರ ಜುಲೈನಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಶಸ್ತ್ರಾಸ್ತ್ರ ಸಮೇತ ಐವರನ್ನು ಹಿಡಿದರು. ಪರಪ್ಪನ ಅಗ್ರಹಾರದೊಳಗಿದ್ದ ಒಬ್ಬ ಜೀವಾವಧಿ ಕೈದಿ, ಬೇರೆ ಕೇಸಿನಲ್ಲಿ ಬಂದ ಯುವಕರ ತಲೆ ತಿರುಗಿಸಿದ ಎಂಬುದು ಆರೋಪ. 2025ರ ಜುಲೈನಲ್ಲಿ ಅದೇ ಕೇಸಿನಲ್ಲಿ ಎನ್‌ಐಎ ಜೈಲಿನ ಮನೋವೈದ್ಯರೊಬ್ಬರನ್ನೂ ಒಬ್ಬ ಎಎಸ್‌ಐಯನ್ನೂ ಬಂಧಿಸಿತು. ಗೃಹ ಸಚಿವಾಲಯ 2023ರ ಜನವರಿಯಲ್ಲೇ ಇಂಥ ಕೈದಿಗಳನ್ನು ಬೇರೆ ಇಡಿ, ಮನಪರಿವರ್ತನೆಗೆ ಪ್ರಯತ್ನಿಸಿ ಎಂದು ರಾಜ್ಯಗಳಿಗೆ ಬರೆದಿತ್ತು. ಎಷ್ಟು ರಾಜ್ಯ ಮಾಡಿದವು ಎಂದು ಸಂಸತ್ತು ಬೆನ್ನು ಹತ್ತಬೇಕಲ್ವಾ?

ಆ ಕೆಲಸಕ್ಕೆ ತಕ್ಕ ಜಾಗ ಗೃಹ ವ್ಯವಹಾರಗಳ ಸ್ಥಾಯಿ ಸಮಿತಿ. 31 ಸದಸ್ಯರು, ಬೇರೆ ಬೇರೆ ಪಕ್ಷದವರು, ಅಧಿಕಾರಿಗಳನ್ನು ಎದುರು ಕೂರಿಸಿ ಕೇಳಬಹುದು. 2023ರ ಸೆಪ್ಟೆಂಬರ್‌ನಲ್ಲಿ ಜೈಲುಗಳ ಬಗ್ಗೆ 245ನೇ ವರದಿ ಕೊಟ್ಟಿತು. ಜೈಲುಗಳು ಸರಾಸರಿ ಶೇ 130ರಷ್ಟು ತುಂಬಿವೆ ಎಂದು ಅದರಲ್ಲಿದೆ. ಒಬ್ಬರ ಮೇಲೊಬ್ಬರು ಮಲಗುವ ಜಾಗದಲ್ಲಿ ಯಾರನ್ನು ಯಾರಿಂದ ಬೇರೆ ಇಡುತ್ತೀರಿ? ಆದರೆ ಸಮಿತಿಯ ಶಿಫಾರಸು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ.

ಬ್ರಿಟನ್ ಪೆಟ್ಟು ತಿಂದು ಕಲಿಯಿತು. 2019ರ ನವೆಂಬರ್‌ನಲ್ಲಿ ಲಂಡನ್ನಿನ ಫಿಶ್‌ಮಾಂಗರ್ಸ್ ಹಾಲ್‌ನಲ್ಲಿ ಇಬ್ಬರನ್ನು ಕೊಂದವನು ಭಯೋತ್ಪಾದನೆ ಕೇಸಿನಲ್ಲಿ ಶಿಕ್ಷೆಯಾಗಿ, ಷರತ್ತಿನ ಮೇಲೆ ಹೊರಬಂದಿದ್ದವನು. 2020ರ ಫೆಬ್ರುವರಿಯಲ್ಲಿ ಸ್ಟ್ರೆಥಮ್‌ನಲ್ಲಿ ಮತ್ತೊಂದು ದಾಳಿ, ಅವನೂ ಬಿಡುಗಡೆಯಾಗಿ ಕೆಲವೇ ದಿನವಾಗಿತ್ತು. ಅದೇ ತಿಂಗಳು ಪಾರ್ಲಿಮೆಂಟ್ ಅವಧಿಪೂರ್ವ ಬಿಡುಗಡೆಗೆ ತಡೆ ಹಾಕಿತು. ಅಷ್ಟು ಅವಸರದ ಕಾನೂನು ನನಗೆ ಮಾದರಿಯಲ್ಲ. ಮೆಚ್ಚುವಂಥದ್ದು ಬೇರೆ: ಅಲ್ಲಿ ಭಯೋತ್ಪಾದನಾ ಕಾನೂನುಗಳನ್ನು ಪರಿಶೀಲಿಸಲು ಸ್ವತಂತ್ರ ಪರಿಶೀಲಕರಿದ್ದಾರೆ, ಅವರ ವರದಿ ಪಾರ್ಲಿಮೆಂಟಿನ ಮುಂದೆ ಬರುತ್ತದೆ. 2022ರಲ್ಲಿ ಜೈಲಿನೊಳಗಿನ ಭಯೋತ್ಪಾದನೆ ಬಗ್ಗೆಯೇ ಒಂದು ವರದಿ ಬಂತು.

ನಮ್ಮಲ್ಲಿ ಅಂಥ ಹುದ್ದೆ ಬರುವ ತನಕ ಕಾಯಬೇಕಿಲ್ಲ. ಲೋಕಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗೆ, ಅಂದರೆ ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಪ್ರಶ್ನೆಗೆ, 15 ದಿನದ ನೋಟಿಸ್ ಸಾಕು. ಬಳ್ಳಾರಿ, ರಾಯಚೂರು, ಕೊಪ್ಪಳದ ಮೂವರು ಸಂಸದರಲ್ಲಿ ಯಾರಾದರೂ ಒಬ್ಬರು ಕೇಳಲಿ: ಎನ್‌ಐಎ ಕೇಸುಗಳಲ್ಲಿ ಶಿಕ್ಷೆಯಾದ ಎಷ್ಟು ಮಂದಿ ಕರ್ನಾಟಕದ ಜೈಲುಗಳಲ್ಲಿದ್ದಾರೆ? ಅವರಲ್ಲಿ ಎಷ್ಟು ಮಂದಿಯನ್ನು ಬೇರೆ ಇಡಲಾಗಿದೆ? ಮನಪರಿವರ್ತನೆಗೆ ಯಾರು ಬರುತ್ತಾರೆ, ವಾರಕ್ಕೆ ಎಷ್ಟು ಸಲ? ಶಿಕ್ಷೆ ಮುಗಿಸಿ ಹೊರಬಂದವರು ಎಷ್ಟು, ಅವರಿಗೆ ಕೆಲಸ ಕೊಡಿಸಿದವರು ಯಾರು, ಅವರ ಮೇಲೆ ನಿಗಾ ಇಡುವ ಹೊಣೆ ಯಾರದು? ಇದೇ ಪ್ರಶ್ನೆಗಳನ್ನು ನಮ್ಮ ಶಾಸಕರೂ ವಿಧಾನಸಭೆಯಲ್ಲಿ ಕೇಳಲಿ. ಜೈಲು ರಾಜ್ಯದ ವಿಷಯ ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ.