ಹದಿನಾಲ್ಕು ವರ್ಷ ಕಾದ ಎಂಜಲು

1987ರ ಏಪ್ರಿಲ್. ಅಮೆರಿಕದ ಸಿಯಾಟಲ್ ಸೀಮೆಯಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುತ್ತಿದ್ದ ಗ್ಯಾರಿ ರಿಡ್ಜ್‌ವೇ ಎಂಬಾತನಿಗೆ ಪೊಲೀಸರು ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯ ಒಂದು ಚೂರು ಕೊಟ್ಟು ಅಗಿಯಲು ಹೇಳಿದರು. 1982ರ ಜುಲೈನಿಂದ ಅಲ್ಲಿನ ಗ್ರೀನ್ ನದಿಯಲ್ಲಿ, ಸುತ್ತಲ ಕಾಡಿನಲ್ಲಿ ಹೆಣ್ಣುಮಕ್ಕಳ ಶವಗಳು ಸಿಗುತ್ತಲೇ ಇದ್ದವು. ಇವನ ಮೇಲೆ ಅನುಮಾನವಿತ್ತು, ಪುರಾವೆಯಿರಲಿಲ್ಲ. 1984ರಲ್ಲಿ ಸುಳ್ಳುಪತ್ತೆ ಪರೀಕ್ಷೆಯಿಂದಲೂ ಪಾರಾಗಿದ್ದ. ಎಂಜಲು ಬಟ್ಟೆಯನ್ನು ಜೋಪಾನವಾಗಿ ತೆಗೆದಿಟ್ಟರು. ಅವನು ಹೊರಗೇ ಉಳಿದ.

ಡಿಎನ್‌ಎ ಪರೀಕ್ಷೆ ಆಗಲೇ ಹುಟ್ಟಿತ್ತು. ಆದರೆ ಅಂದಿನ ವಿಧಾನಕ್ಕೆ ಸಾಕಷ್ಟು ದೊಡ್ಡ, ಕೆಡದ ಮಾದರಿ ಬೇಕಿತ್ತು. ನೀರಿನಲ್ಲಿ ನೆನೆದ ದೇಹಗಳಲ್ಲಿ ಕೊಂದವನ ಡಿಎನ್‌ಎಯಲ್ಲಿ ಉಳಿದಿದ್ದದ್ದು ಬರೀ ಕುರುಹು. ದಾರಿ ತೆರೆದದ್ದು ಪಿಸಿಆರ್ ಎಂಬ, ಡಿಎನ್‌ಎಯ ನಕಲು ತೆಗೆಯುವ ವಿಧಾನ. ಒಂದು ಚಮಚ ಹೆಪ್ಪು ಇಡೀ ಗಡಿಗೆಯನ್ನು ಮೊಸರಾಗಿಸುವಂತೆ, ಇಲ್ಲಿ ಡಿಎನ್‌ಎಯ ಆಯ್ದ ತುಣುಕು ಪ್ರತಿ ಸುತ್ತಿಗೂ ಇಮ್ಮಡಿಯಾಗುತ್ತದೆ. ಎಲ್ಲ ಸರಿಯಾಗಿ ನಡೆದರೆ 30 ಸುತ್ತಿಗೆ ಒಂದು ತುಣುಕು ನೂರು ಕೋಟಿ ದಾಟುತ್ತದೆ. ಆಮೇಲೆ ಎಣಿಕೆ. ನಮ್ಮ ಡಿಎನ್‌ಎಯ ಕೆಲವು ಜಾಗಗಳಲ್ಲಿ ನಾಲ್ಕಕ್ಷರದ ಪುಟ್ಟ ಪದವೊಂದು ಮತ್ತೆ ಮತ್ತೆ ಬರುತ್ತದೆ. ಅಪ್ಪನಿಂದ ಬಂದ ಪ್ರತಿಯಲ್ಲಿ 9 ಸಲವಿದ್ದರೆ ಅಮ್ಮನ ಪ್ರತಿಯಲ್ಲಿ 12 ಸಲ ಇರಬಹುದು. ಇಂಥ ಹತ್ತಾರು ಜಾಗಗಳ ಲೆಕ್ಕ ಪೂರ್ತಿ ತಾಳೆಯಾಗುವ ಇಬ್ಬರು ಸಿಗುವುದು, ತದ್ರೂಪಿ ಅವಳಿಗಳನ್ನು ಬಿಟ್ಟರೆ, ಅಸಾಧ್ಯವೆನ್ನುವಷ್ಟು ಅಪರೂಪ.

2001ರಲ್ಲಿ ಆ ಬಟ್ಟೆಯ ಎಂಜಲು ಮೂವರು ಹೆಣ್ಣುಮಕ್ಕಳ ದೇಹದಲ್ಲಿ ಸಿಕ್ಕಿದ್ದ ಕುರುಹುಗಳೊಂದಿಗೆ ಹೊಂದಿತು. ನವೆಂಬರ್ 30ರಂದು ರಿಡ್ಜ್‌ವೇ ಸೆರೆಯಾದ.

ಡಿಎನ್‌ಎಯೇ ಎಲ್ಲವನ್ನೂ ಬಗೆಹರಿಸಿತು ಎನ್ನುವುದು ಮಾತ್ರ ತಪ್ಪು. ಅದು ಮುಟ್ಟಿದ್ದು ಬೆರಳೆಣಿಕೆಯ ಕೊಲೆಗಳನ್ನು. ಇನ್ನು ಕೆಲವರ ಬಟ್ಟೆಗಳಲ್ಲಿ ಸೂಕ್ಷ್ಮದರ್ಶಕಕ್ಕಷ್ಟೇ ಕಾಣುವ ಬಣ್ಣದ ಹನಿಗಳಿದ್ದವು. ಅವನು ಕೆಲಸಕ್ಕಿದ್ದ ಕಾರ್ಖಾನೆಯಲ್ಲಿ ಬಳಸುತ್ತಿದ್ದ ಲಾರಿ ಬಣ್ಣವದು. ಉಳಿದದ್ದು ಅವನ ಬಾಯಿಂದಲೇ ಬಂತು. ಮರಣದಂಡನೆ ಬೇಡವೆಂಬ ಒಪ್ಪಂದಕ್ಕೆ ಬದಲಾಗಿ 2003ರಲ್ಲಿ 48 ಕೊಲೆಗಳನ್ನು ಒಪ್ಪಿಕೊಂಡ.

ಕೊಂದವನ ಹೆಸರು ಗೊತ್ತಾದರೂ ಸತ್ತ ಕೆಲವರ ಹೆಸರು ಗೊತ್ತಿರಲಿಲ್ಲ. ನನ್ನನ್ನು ಹೆಚ್ಚು ಕಲಕುವುದು ಇದೇ. 1984ರಲ್ಲಿ ಸಿಕ್ಕ ಒಂದು ಅಸ್ಥಿಪಂಜರ ಕಡತದಲ್ಲಿ ‘ಮೂಳೆ 10’ ಆಗಿಯೇ ದಶಕಗಳನ್ನು ಕಳೆಯಿತು. ಹೋಲಿಸಿ ನೋಡಲು ಅವಳದೇ ಮಾದರಿ ಎಲ್ಲಿಂದ ತರುವುದು? ಇಲ್ಲಿ ಬೇರೆಯೇ ಉಪಾಯ ಬೇಕಾಯಿತು. ಡಿಎನ್‌ಎಯ ಲಕ್ಷಾಂತರ ಅಕ್ಷರಭೇದಗಳನ್ನು ಓದಿ, ಜನರು ತಾವಾಗಿ ಸೇರಿಸಿದ ವಂಶಾವಳಿ ಸಂಗ್ರಹಗಳಲ್ಲಿ ದೂರದ ನೆಂಟರನ್ನು ಹುಡುಕಿ, ಅವರ ಮನೆತನದ ಕವಲುಗಳನ್ನು ಒಂದೊಂದಾಗಿ ಹಿಡಿದು ನಡೆಯುವುದು. ‘ಡಿಎನ್‌ಎ ಡೋ ಪ್ರಾಜೆಕ್ಟ್’ನ ಸ್ವಯಂಸೇವಕರು ಈ ಕೆಲಸ ಮಾಡಿದರು. 2021ರ ಜನವರಿಯಲ್ಲಿ ಗುರುತು ಸಿಕ್ಕಿತು: 1983ರಲ್ಲಿ ಡೆನ್ವರ್‌ನ ಮನೆಯಿಂದ ಹೊರಟುಹೋಗಿದ್ದ ಹುಡುಗಿ.

ಅವಳಿಗೆ ಹದಿನಾಲ್ಕು ವರ್ಷ.