ಬಚ್ಚಲುಮನೆಯ ಗ್ಯಾಸ್ ಗೀಸರಿಗೆ ಗಾಳಿ ಎಲ್ಲಿಂದ ಬರಬೇಕು?

ಆರಿದ್ರಾ ಮಳೆ ಹಿಡಿದು ಲೈನಿನ ಮೇಲೆ ಮರ ಬೀಳತೊಡಗಿದೊಡನೆ ಶಿರಸಿ, ಸಿದ್ದಾಪುರದ ಸುತ್ತಲಿನ ಮನೆಗಳಿಂದ ಗ್ಯಾಸ್ ಗೀಸರ್ ಕೂರಿಸಿಕೊಡಿ ಎಂಬ ಕರೆಗಳು ನನಗೆ ಬರತೊಡಗುತ್ತವೆ. ಎರಡು ಮೂರು ದಿನ ಕರೆಂಟು ಬಾರದ ಊರುಗಳಲ್ಲಿ ಬಿಸಿನೀರಿಗೆ ಇದು ಅನುಕೂಲದ ಸಾಧನವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬಚ್ಚಲುಮನೆಯೊಳಗಿನ ಗೋಡೆಯನ್ನು ತೋರಿಸಿ ‘ಇಲ್ಲೇ ಹಾಕಿ’ ಎನ್ನುವವರನ್ನು ‘ಇದು ಉರಿಯಲು ಗಾಳಿ ಎಲ್ಲಿಂದ ಬರುತ್ತದೆ?’ ಎಂದು ಕೇಳಿದರೆ, ಹೆಚ್ಚಿನವರು ಮೇಲಿನ ಎಕ್ಸಾಸ್ಟ್ ಫ್ಯಾನಿನ ಕಡೆಗೆ ಕೈ ತೋರಿಸುತ್ತಾರೆ. ಹದಿನೆಂಟು ವರ್ಷಗಳಿಂದ ಇದೇ ಉತ್ತರವನ್ನು ಕೇಳುತ್ತಿದ್ದೇನೆ. ಇದು ತಪ್ಪು ಉತ್ತರ, ಮತ್ತು ಈ ತಪ್ಪಿನಿಂದ ಜೀವ ಹೋಗುತ್ತದೆ.

ಎಕ್ಸಾಸ್ಟ್ ಫ್ಯಾನ್ ಗಾಳಿಯನ್ನು ಹೊರಗೆ ಹಾಕುತ್ತದೆ, ಒಳಗೆ ತರುವುದಿಲ್ಲ. ಹೊರಗೆ ಹೋದಷ್ಟೇ ಗಾಳಿ ಇನ್ನೊಂದು ದಾರಿಯಿಂದ ಒಳಗೆ ಬಂದರೆ ಮಾತ್ರ ಫ್ಯಾನಿನಿಂದ ಪ್ರಯೋಜನ. ಎರಚಲು ಹೊಡೆಯುತ್ತದೆಂದು ಕಿಟಕಿಯ ಗಾಜನ್ನು ಮುಚ್ಚಿ, ಹಾವು ಹುಪ್ಪಡಿ ಬರುತ್ತದೆಂದು ಬಾಗಿಲಡಿಯ ಸಂದಿಗೆ ರಬ್ಬರು ಪಟ್ಟಿ ಬಡಿದು, ಚಿಲಕ ಹಾಕಿಕೊಂಡ ಮೇಲೆ, ಫ್ಯಾನ್ ಎಷ್ಟೇ ಜೋರಾಗಿ ತಿರುಗಿದರೂ ಆ ಕೋಣೆಗೆ ಹೊಸ ಗಾಳಿ ಬರುವುದಾದರೂ ಹೇಗೆ? ಗೀಸರ್ ಆರಿಸಿರುವಾಗ ಫ್ಯಾನ್ ಹಾಕಿ, ಬಾಗಿಲು ಮುಚ್ಚಿ, ಹೊರಗೆ ನಿಂತು ಬಾಗಿಲಡಿಗೆ ಊದುಬತ್ತಿ ಹಿಡಿದು ನೋಡಿ. ಹೊಗೆ ಸರ್ರನೆ ಒಳಕ್ಕೆ ಎಳೆದುಕೊಂಡು ಹೋದರೆ, ಕೋಣೆಗೆ ಸಾಕಷ್ಟು ಗಾಳಿದಾರಿ ಇಲ್ಲದೆ ಆ ಸಂದಿಯೇ ಎಲ್ಲ ಭಾರವನ್ನು ಹೊತ್ತಿದೆ ಎಂದರ್ಥ. ಇನ್ನೊಂದು ಸಂಗತಿಯನ್ನಂತೂ ನಾನು ಪ್ರತಿ ಮನೆಯಲ್ಲೂ ಹೇಳುತ್ತೇನೆ: ಕರೆಂಟು ಹೋದಾಗ ಬೇಕೆಂದು ಗ್ಯಾಸ್ ಗೀಸರ್ ಕೊಂಡವರು, ಕರೆಂಟು ಇದ್ದರೆ ಮಾತ್ರ ತಿರುಗುವ ಫ್ಯಾನನ್ನು ನಂಬಿ ಸ್ನಾನಕ್ಕೆ ಹೋಗುತ್ತಾರೆ. ಗೀಸರ್ ಹೊತ್ತಿಕೊಳ್ಳಲು ಎರಡು ಬ್ಯಾಟರಿ ಸೆಲ್ಲುಗಳು ಸಾಕು, ಫ್ಯಾನಿಗೆ ಸಾಲವು.

ಲೆಕ್ಕವನ್ನೂ ನೋಡೋಣ. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗೀಸರ್ ಗಂಟೆಗೆ ಹೆಚ್ಚು ಕಡಿಮೆ 900 ಗ್ರಾಂ ಗ್ಯಾಸ್ ಸುಡುತ್ತದೆ. ಒಂದು ಕಿಲೋ ಎಲ್‌ಪಿಜಿ ಪೂರ್ತಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ಐದಡಿ ಅಗಲ, ಏಳಡಿ ಉದ್ದ, ಎಂಟಡಿ ಎತ್ತರದ ಬಚ್ಚಲುಮನೆಯಲ್ಲಿ ಇರುವುದು 8 ಘನ ಮೀಟರ್ ಗಾಳಿ. ಹತ್ತು ನಿಮಿಷದಲ್ಲಿ ಅದರ ಕಾಲು ಭಾಗದಷ್ಟು ಗಾಳಿಯ ಆಮ್ಲಜನಕ ಖರ್ಚಾಗಿರುತ್ತದೆ. ಒಬ್ಬರ ನಂತರ ಒಬ್ಬರು ಮೀಯುವ ಮನೆಯಲ್ಲಿ ಮೂರನೆಯವರ ಪಾಡು ಏನೆಂಬುದನ್ನು ಓದುಗರೇ ಊಹಿಸಬಹುದು. ಆಮ್ಲಜನಕ ಕಡಿಮೆಯಾದೊಡನೆ ಉರಿ ನಂದಿಬಿಡುತ್ತದೆ ಎಂದು ಭಾವಿಸಬೇಡಿ. ಅದು ನಂದುವ ಎಷ್ಟೋ ಮೊದಲೇ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಉಗುಳಲು ಆರಂಭಿಸುತ್ತದೆ. ಸೋರುವ ಗ್ಯಾಸಿಗೆ ಸೇರಿಸಿದ ವಾಸನೆ ಇರುತ್ತದೆ. ಈ ವಿಷಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ.

ಅಮೆರಿಕದಲ್ಲಿ ಮನೆ ಬೆಚ್ಚಗಿಡುವ ಗ್ಯಾಸ್ ಫರ್ನೇಸುಗಳು ಒಳಗಾಳಿಯನ್ನೇ ನೆಚ್ಚುವುದಾದರೆ, ಗಂಟೆಗೆ 1,000 ಬಿಟಿಯು (ಶಾಖವನ್ನು ಅಳೆಯುವ ಒಂದು ಮಾನ) ಶಾಖಕ್ಕೆ 50 ಘನ ಅಡಿ ಜಾಗ ಬೇಕೆಂಬುದು ಅಲ್ಲಿನ ಬಹುಕಾಲದ ನಿಯಮ. ನಮ್ಮ ಸಣ್ಣ ಗೀಸರಿನ ಶಾಖವೇ ಸುಮಾರು 40,000 ಬಿಟಿಯು ಆಗುವುದರಿಂದ, ಆ ಲೆಕ್ಕದಲ್ಲಿ 2,000 ಘನ ಅಡಿ ಬೇಕು. ಮೇಲಿನ ಬಚ್ಚಲುಮನೆ 280 ಘನ ಅಡಿಯದು. ಅಷ್ಟು ಜಾಗವಿಲ್ಲದಿದ್ದರೆ ನೆಲದ ಹತ್ತಿರ ಒಂದು, ಚಾವಣಿಯ ಹತ್ತಿರ ಇನ್ನೊಂದು, ಹೀಗೆ ಹೊರಗಾಳಿಗೆ ಎರಡು ಕಿಂಡಿಗಳನ್ನು ಅಲ್ಲಿ ಬಿಡಿಸುತ್ತಾರೆ. ಅದೂ ಹೊಗೆಯನ್ನು ಕೊಳವೆಯ ಮೂಲಕ ಹೊರಗೊಯ್ಯುವ ಫರ್ನೇಸುಗಳಿಗೆ. ನಮ್ಮಲ್ಲಿ ಮಾರಾಟವಾಗುವ ಹೆಚ್ಚಿನ ಗೀಸರುಗಳಿಗೆ ಹೊಗೆಕೊಳವೆಯೇ ಇಲ್ಲದ ಕಾರಣ, ಎರಡು ಕಿಂಡಿಗಳಿದ್ದರೂ ಅವುಗಳನ್ನು ಬಚ್ಚಲುಮನೆಯೊಳಗೆ ಇಡಲು ನಾನು ಒಪ್ಪುವುದಿಲ್ಲ. ಇಪ್ಪತ್ತು ನಿಮಿಷಕ್ಕೆ ತಾನಾಗಿ ಆರುವ ವ್ಯವಸ್ಥೆ ಇದೆಯೆಂದು ಕೆಲವರು ವಾದಿಸುತ್ತಾರೆ. ಅದು ಸಮಯವನ್ನು ಅಳೆಯುತ್ತದೆಯೇ ಹೊರತು ಗಾಳಿಯನ್ನಲ್ಲ.

ಕೆಲವು ವರ್ಷಗಳ ಹಿಂದೆ ಹುಲೇಕಲ್ ಕಡೆಯ ಒಂದು ಮನೆಗೆ, ಗೀಸರಿನ ಉರಿ ಹಳದಿಯಾಗಿದೆ ಎಂಬ ದೂರಿನ ಮೇಲೆ ಹೋಗಿದ್ದೆ. ಮಳೆಗಾಲಕ್ಕೆಂದು ಬಚ್ಚಲುಮನೆಯ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಹೊಡೆದಿದ್ದರು. ಬರ್ನರಿನ ಮಸಿ ತೆಗೆಯುತ್ತಿದ್ದಾಗ ಮನೆಯ ಹಿರಿಯಮ್ಮ ಹತ್ತಿರ ಬಂದು, ‘ಮಿಂದ್ರೆ ತಲೆ ತಿರಗ್ತು ತಮಾ, ಹೊರಗೆ ಬಂದ್ರೆ ಸರಿ ಆಗ್ತು’ ಎಂದರು. ಅವರು ಎರಡು ಸಲ ಅಲ್ಲಿಯೇ ಕುಸಿದಿದ್ದರು. ಪಿತ್ತವೆಂದು ಒಮ್ಮೆ ಕಷಾಯವಾಗಿತ್ತು, ರಕ್ತದೊತ್ತಡವೆಂದು ಇನ್ನೊಮ್ಮೆ ಮಾತ್ರೆ ಬದಲಾಗಿತ್ತು. ಗೀಸರಿನವನಿಗೆ ಈ ಮಾತನ್ನು ಹೇಳಬೇಕೆಂದು ಅವರಿಗೆ ತೋರಿದ್ದು ಆ ಮನೆಯ ಪುಣ್ಯ. ಅದೇ ಹಿತ್ತಿಲಿನಲ್ಲಿ ಪಾಳು ಬಿದ್ದಿದ್ದ ಹಳೆಯ ಬಚ್ಚಲಿನಲ್ಲಿ ಹಂಡೆಯ ಒಲೆಯ ಬಾಯಿ ಗೋಡೆಯ ಹೊರಮಗ್ಗುಲಿಗೆ ಇತ್ತು, ಮೇಲೆ ಹಂಚಿನ ಸಂದಿಗಳಿದ್ದವು. ಸ್ಲ್ಯಾಬು ಹಾಕಿ ಹೊಸ ಬಚ್ಚಲುಮನೆ ಕಟ್ಟುವಾಗ ಇವೆರಡೂ ತಪ್ಪಿಹೋಗಿದ್ದವು. ಗೀಸರನ್ನು ಅಂದೇ ಬಿಚ್ಚಿ ಹಿತ್ತಿಲ ಗೋಡೆಗೆ ಕೂರಿಸಿ, ನೀರಿನ ಪೈಪನ್ನು ಮಾತ್ರ ಒಳಗೆ ಬಿಟ್ಟೆ.

ಹೊರಗೆ ಕೂರಿಸುವಾಗಲೂ ಮಾಡಿನ ಕೆಳಗೆ, ಮಳೆ ಹೊಡೆಯದ ಕಡೆ, ಬಚ್ಚಲುಮನೆಯ ಕಿಟಕಿಯಿಂದ ದೂರವಾಗಿ ಕೂರಿಸಬೇಕು. ಇಲ್ಲವಾದರೆ ಹೊಗೆ ಮತ್ತೆ ಒಳಗೇ ಬರುತ್ತದೆ. ಕಾರವಾರ, ಅಂಕೋಲೆಯ ಕಡಲಂಚಿನ ಮನೆಗಳಲ್ಲಿ ಉಪ್ಪುಗಾಳಿಗೆ ಬರ್ನರ್ ಬೇಗ ತುಕ್ಕು ಹಿಡಿಯುವುದರಿಂದ ವರ್ಷಕ್ಕೊಮ್ಮೆಯಾದರೂ ಬಿಚ್ಚಿ ತೊಳೆಸಬೇಕು.

ಒಳಗೆ ಯಾರಾದರೂ ಕುಸಿದರೆ ಬಾಗಿಲು ತೆಗೆದು ಅವರನ್ನು ಬಯಲಿಗೆ ಎಳೆದು ತಂದು, ಗ್ಯಾಸ್ ನಿಲ್ಲಿಸಿ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಚಿಕಿತ್ಸೆ ನನ್ನ ವಿಷಯವಲ್ಲ. ಆದರೆ ‘ಗ್ಯಾಸ್ ಗೀಸರ್ ಉರಿಯುತ್ತಿತ್ತು’ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಲು ಮರೆಯಬೇಡಿ. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರಿಗೆ ಕಾರ್ಬನ್ ಮಾನಾಕ್ಸೈಡ್ ಅಂಟಿದ ರಕ್ತ ಯಾವುದು, ಆಮ್ಲಜನಕ ತುಂಬಿದ ರಕ್ತ ಯಾವುದು ಎಂದು ತಿಳಿಯುವುದಿಲ್ಲ. ವಿಷವೇರಿದವರ ಬೆರಳಿನಲ್ಲೂ ಅದು 98 ಎಂದು ತೋರಿಸಬಹುದು.