ಸ್ವೆಟರ್ ಬೇಗ ಮುಗಿಯಬೇಕಾ? ಮೊದಲು ನಿಮ್ಮ ಬಲಗೈ ನೋಡಿ

ಪುಣೆಯಲ್ಲಿ ಉಲ್ಲನ್ ಹೆಣಿಗೆ ಕಲಿಸುವವರಿಗೆ ದೀಪಾವಳಿ ಮುಗಿದ ಕೂಡಲೇ ಒಂದೇ ಪ್ರಶ್ನೆ ಬರುತ್ತದೆ. ಬೇಗ ಹೆಣೆಯೋದು ಹೇಗೆ? ಪ್ರಶ್ನೆಗೆ ಕಾರಣವೂ ಇದೆ. ಇಲ್ಲಿಯ ಚಳಿ ಡಿಸೆಂಬರ್, ಜನವರಿ ಅಷ್ಟೇ. ನವೆಂಬರಿನಲ್ಲಿ ತುಳಶಿಬಾಗ್ ಮಾರುಕಟ್ಟೆಯಿಂದ ಉಲ್ಲನ್ ತಂದು ಶುರು ಮಾಡಿದ ಸ್ವೆಟರ್ ಹೋಳಿ ಹುಣ್ಣಿಮೆಗೆ ಮುಗಿದರೆ ಹಾಕಿಕೊಳ್ಳುವವರು ಯಾರು? ಮಗುವಿನದ್ದಾದರೆ ಮುಂದಿನ ವರ್ಷಕ್ಕೆ ಅಳತೆಯೇ ಸಾಲುವುದಿಲ್ಲ. ಮುಂಬೈಯವರ ಕಥೆ ಬೇರೆ ಬಿಡಿ. ಮಾಟುಂಗಾದ ನಮ್ಮ ಕನ್ನಡದವರಿಂದ ನನಗೆ ಆರ್ಡರ್ ಬರುವುದು ಶಿಮ್ಲಾಕ್ಕೆ ಟಿಕೆಟ್ ಬುಕ್ ಆದ ಮೇಲೆ, ಅದೂ ಹೊರಡುವ ದಿನ ಹತ್ತಿರ ಬಂದಾಗ.

ಮೊದಲು ಸ್ವಲ್ಪ ಲೆಕ್ಕ ಹಾಕೋಣ. 40 ಇಂಚು ಸುತ್ತಳತೆಯ ಸ್ವೆಟರ್, 8 ನಂಬರ್ ಕಡ್ಡಿ, 4 ಇಂಚಿಗೆ 22 ಕುಣಿಕೆ (ಕಡ್ಡಿಯ ಮೇಲೆ ಕೂರುವ ದಾರದ ಒಂದೊಂದು ಸುತ್ತು), 30 ಸಾಲು ಅಂತ ಇಟ್ಟುಕೊಳ್ಳಿ. ಸುತ್ತಲೂ ಸೇರಿ 220 ಕುಣಿಕೆ ಬೇಕು. ಕಂಕುಳಿನವರೆಗೆ 15 ಇಂಚು ಅಂದರೆ ಸುಮಾರು 112 ಸಾಲು. ಗುಣಿಸಿದರೆ 24,640 ಕುಣಿಕೆ. ತೋಳು, ಕುತ್ತಿಗೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ನಿಮಿಷಕ್ಕೆ 20 ಕುಣಿಕೆ ಹಾಕುವವರಿಗೆ ಇಷ್ಟಕ್ಕೇ ಇಪ್ಪತ್ತೂವರೆ ಗಂಟೆ. ನಿಮಿಷಕ್ಕೆ 30 ಹಾಕುವವರಿಗೆ 14 ಗಂಟೆಯೂ ಪೂರ್ತಿ ಬೇಡ.

ದಾಖಲೆ ಮಾಡಿದವರ ಸುದ್ದಿ ಕೇಳಿದರೆ ತಲೆ ತಿರುಗುತ್ತದೆ. ನೆದರ್ಲೆಂಡ್ಸಿನ ಮಿರಿಯಂ ಟೇಗೆಲ್ಸ್ 2006ರಲ್ಲಿ ಒಂದು ನಿಮಿಷಕ್ಕೆ 118 ಕುಣಿಕೆ ಹಾಕಿದರು. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ಹೇಝಲ್ ಟಿಂಡಲ್ 2008ರಲ್ಲಿ ಮೂರು ನಿಮಿಷಕ್ಕೆ 262 ಹಾಕಿದರು. ಅಷ್ಟು ವೇಗ ನಮಗೆ ಬೇಡ. 20 ಇದ್ದದ್ದು 30 ಆದರೆ ಸಾಕು, ಅದಕ್ಕೆ ಕೈಯನ್ನು ಜಾಸ್ತಿ ಓಡಿಸುವ ಅಗತ್ಯವೂ ಇಲ್ಲ.

ನಮ್ಮ ಕಡೆ ಹೆಚ್ಚಿನವರು ಅಮ್ಮನಿಂದಲೋ ಸ್ಕೂಲ್ ಟೀಚರಿಂದಲೋ ಕಲಿತದ್ದು ಇಂಗ್ಲಿಷ್ ಪದ್ಧತಿ, ಅಂದರೆ ದಾರ ಬಲಗೈಯಲ್ಲಿ. ಯಾರಾದರೂ ಹೀಗೆ ಹೆಣೆಯುವಾಗ ಪಕ್ಕದಲ್ಲಿ ಕೂತು ಬಲಗೈಯೊಂದನ್ನೇ ನೋಡಿ. ಕಡ್ಡಿ ಕುಣಿಕೆಯೊಳಗೆ ಹೋಯಿತು, ಕೈ ಕಡ್ಡಿಯನ್ನು ಬಿಟ್ಟಿತು, ದಾರ ಹಿಡಿದು ಒಂದು ಸುತ್ತು ಹಾಕಿತು, ಮತ್ತೆ ವಾಪಸು ಬಂದು ಕಡ್ಡಿ ಹಿಡಿಯಿತು, ಆಮೇಲೆ ಎಳೆಯಿತು. ಈ ಹೋಗಿ ಬರುವ ಕೆಲಸ ಒಂದು ಸಲಕ್ಕೆ ಅರ್ಧ ಸೆಕೆಂಡೇ ಇರಬಹುದು, ಆದರೆ 24 ಸಾವಿರ ಸಲ ಅರ್ಧ ಸೆಕೆಂಡ್ ಅಂದರೆ ಮೂರು ಗಂಟೆಗಿಂತ ಜಾಸ್ತಿ. ಬೇಗ ಹೆಣೆಯುವ ಪದ್ಧತಿಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಈ ಓಡಾಟವನ್ನು ಕತ್ತರಿಸುತ್ತವೆ.

ಒಂದು ದಾರಿ, ಬಲಗಡ್ಡಿಯನ್ನು ಎಲ್ಲಾದರೂ ಸಿಕ್ಕಿಸಿಬಿಡುವುದು. ಶೆಟ್ಲೆಂಡಿನವರು ಸೊಂಟಕ್ಕೆ ಚರ್ಮದ ಬೆಲ್ಟ್ ಕಟ್ಟುತ್ತಾರೆ. ಅದರಲ್ಲಿ ಕುದುರೆ ಕೂದಲು ತುಂಬಿದ ತೂತು ತೂತಿನ ಒಂದು ದಿಂಬು ಇರುತ್ತದೆ, ಕಡ್ಡಿಯ ತುದಿ ಆ ತೂತಿನಲ್ಲಿ ಕೂರುತ್ತದೆ. ಕಡ್ಡಿಯ ಭಾರ ಹೊರುವ ಕೆಲಸ ಬೆಲ್ಟಿನದ್ದು, ಕೈಗೆ ದಾರ ಹಾಕುವ ಕೆಲಸ ಮಾತ್ರ. ನಮಗೆ ಬೆಲ್ಟ್ ಎಲ್ಲಿ ಸಿಗಬೇಕು? ಬೇಡ, ಹಳೇ ಕಾಲದ ಅಜ್ಜಿಯಂದಿರು 14 ಇಂಚಿನ ಕಡ್ಡಿಯನ್ನು ಕಂಕುಳಲ್ಲಿ ಒತ್ತಿಕೊಂಡು ಹೆಣೆಯುತ್ತಿದ್ದುದು ಇದೇ ಉಪಾಯ. ಅದನ್ನು ಬಿಟ್ಟು 9 ಇಂಚಿನ ಗಿಡ್ಡ ಕಡ್ಡಿಗೆ ಬಂದವರು ವೇಗ ಕಳೆದುಕೊಂಡಿದ್ದಾರೆ ಅಂತ ನನ್ನ ಅಭಿಪ್ರಾಯ. ಉದ್ದ ಕಡ್ಡಿ ಹಿಡಿದು, ಬಲಗಡ್ಡಿಯನ್ನು ಅಲ್ಲಾಡಿಸದೆ ಎಡಗೈ ಕುಣಿಕೆಯನ್ನು ತುದಿಗೆ ತಂದು ಕೊಡಲಿ. ಬಲಗೈಯ ತೋರುಬೆರಳು ದಾರವನ್ನು ಸುಮ್ನೆ ಒಂದು ಸಲ ತಟ್ಟಿದರೆ ಸಾಕು.

ಎರಡನೇ ದಾರಿ, ದಾರವನ್ನೇ ಎಡಗೈಗೆ ಕೊಡುವುದು. ಇದು ಕಾಂಟಿನೆಂಟಲ್ ಪದ್ಧತಿ. ಇಲ್ಲಿ ದಾರ ಸುತ್ತುವುದೇ ಇಲ್ಲ, ಬಲಗಡ್ಡಿಯ ತುದಿಯಿಂದ ದಾರವನ್ನು ಹೆಕ್ಕಿಕೊಳ್ಳುವುದು. ಕ್ರೋಶಾ ಬರುವವರಿಗೆ ನಾನು ಇದನ್ನೇ ಹೇಳಿಕೊಡುತ್ತೇನೆ. ಕ್ರೋಶಾದಲ್ಲಿ ದಾರ ಎಡಗೈಯಲ್ಲೇ ಇರುತ್ತದೆ, ಬಿಗಿ ಎಷ್ಟಿರಬೇಕು ಅಂತ ಆ ಬೆರಳಿಗೆ ಆಗಲೇ ಗೊತ್ತು. ಉಳಿದವರಿಗೆ ಶುರುವಿನಲ್ಲಿ ಎಡಗೈ ಮರದ ಕೈ ಆದಂತೆ ಅನಿಸುತ್ತದೆ. ದಾರವನ್ನು ಕಿರುಬೆರಳಿಗೆ ಒಂದು ಸುತ್ತು ಹಾಕಿ, ಉಳಿದ ಬೆರಳುಗಳ ಕೆಳಗಿಂದ ತಂದು ತೋರುಬೆರಳಿನ ಮೇಲೆ ಹರಿಯಲು ಬಿಡಿ. ತೋರುಬೆರಳು ಕಡ್ಡಿಯ ತುದಿಯ ಹತ್ತಿರವೇ ಇರಲಿ. ಅದು ಆಕಾಶಕ್ಕೆ ಎದ್ದು ನಿಂತರೆ ಮತ್ತೆ ಓಡಾಟ ಶುರು.

ಕಾಂಟಿನೆಂಟಲ್ಲಿನ ತೊಂದರೆ ಉಲ್ಟಾ ಸಾಲು, ಅಂದರೆ ದಾರವನ್ನು ಮುಂದಿಟ್ಟುಕೊಂಡು ಹೆಣೆಯುವ ಪರ್ಲ್. ದಾರ ಹಿಂದಿರುವ ಸೀದಾ (ನಿಟ್) ಸಾಲು ಸರಸರ ಹೋಗುತ್ತದೆ, ಉಲ್ಟಾ ಬಂದ ಕೂಡಲೇ ಕೈ ತಡವರಿಸುತ್ತದೆ. ಇದಕ್ಕೆ ಒಂದು ಉಪಾಯ ಇದೆ. ಉಲ್ಟಾ ಹಾಕುವಾಗ ದಾರವನ್ನು ಕಡ್ಡಿಯ ಮೇಲಿಂದ ತರದೆ ಕೆಳಗಿಂದ ಹೆಕ್ಕಿ. ಕೆಲಸ ಬೇಗ ಆಗುತ್ತದೆ, ಆದರೆ ಕುಣಿಕೆ ಕಡ್ಡಿಯ ಮೇಲೆ ತಿರುಗಿ ಕೂರುತ್ತದೆ. ಹಾಗಾಗಿ ಮುಂದಿನ ಸೀದಾ ಸಾಲಿನಲ್ಲಿ ಕಡ್ಡಿಯನ್ನು ಕುಣಿಕೆಯ ಹಿಂದಿನ ಎಳೆಗೆ ಹಾಕಬೇಕು. ಮುಂದಿನ ಎಳೆಗೆ ಹಾಕಿದರೆ ಕುಣಿಕೆ ತಿರುಚಿಕೊಂಡು ಬಟ್ಟೆ ಗಟ್ಟಿಯಾಗುತ್ತದೆ. ಕುತ್ತಿಗೆಯಲ್ಲಿ ಕುಣಿಕೆ ಕಡಿಮೆ ಮಾಡುವ ಜಾಗ ಬಂದಾಗ ಒಂದಾಗಿ ಸೇರಿಸಬೇಕಾದ ಎರಡು ಕುಣಿಕೆಗಳನ್ನು ಮೊದಲು ನೇರ ಮಾಡಿ ಕೂರಿಸಿ, ಆಮೇಲೆ ಸೇರಿಸಿ. ಇಲ್ಲದಿದ್ದರೆ ಬಲಕ್ಕೆ ವಾಲಬೇಕಾದ್ದು ಎಡಕ್ಕೆ ವಾಲುತ್ತದೆ.

ಪೋರ್ಚುಗೀಸ್ ಪದ್ಧತಿ ಅಂತಲೂ ಒಂದಿದೆ, ಗೋವಾದಿಂದ ಬರುವವರು ಇದರ ಬಗ್ಗೆ ಕುತೂಹಲದಿಂದ ಕೇಳುತ್ತಾರೆ. 1961ರವರೆಗೆ ಪೋರ್ಚುಗೀಸರು ಅಲ್ಲಿದ್ದರಲ್ಲ. ನಾನು ಗೋವಾದಲ್ಲಿ ಕಂಡದ್ದು ಕ್ರೋಶಾ ಲೇಸೇ ಹೆಚ್ಚು, ಈ ಹೆಣಿಗೆ ಅಲ್ಲ. ಇದರಲ್ಲಿ ದಾರವನ್ನು ಕುತ್ತಿಗೆಯ ಸುತ್ತ ಹಾಕಿಕೊಳ್ಳಬೇಕು, ಇಲ್ಲವೇ ಎದೆಯ ಮೇಲಿನ ಕೊಕ್ಕೆ ಪಿನ್ನಿನಿಂದ ಹಾಯಿಸಬೇಕು. ಎಡಗೈಯ ಹೆಬ್ಬೆರಳು ದಾರವನ್ನು ಕಡ್ಡಿಯ ಮೇಲೆ ತಳ್ಳುತ್ತದೆ. ಉಲ್ಟಾ ಇದರಲ್ಲಿ ಸೀದಾಗಿಂತ ಸುಲಭ! ಬೆರಳು ನೋವಿರುವವರಿಗೆ ಒಳ್ಳೆಯದು. ಪುಣೆಯ ಅಕ್ಟೋಬರ್ ಬಿಸಿಲಿನಲ್ಲಿ ಕುತ್ತಿಗೆಗೆ ಅಕ್ರಿಲಿಕ್ ದಾರ ಸುತ್ತಿಕೊಳ್ಳುವುದು ಮಾತ್ರ ಶಿಕ್ಷೆ, ಪಿನ್ನೇ ಸರಿ.

ಉಲ್ಟಾ ಬೇಡವೇ ಬೇಡ ಅನ್ನುವವರು ರೌಂಡ್ ಕಡ್ಡಿ ಹಿಡಿಯಿರಿ. ಎರಡು ಗಿಡ್ಡ ಕಡ್ಡಿಗಳ ಮಧ್ಯೆ ಕೇಬಲ್ ಇರುತ್ತದಲ್ಲ, ಅದು. ಸುತ್ತಾಗಿ ಹೆಣೆದರೆ ಕಂಕುಳಿನವರೆಗೆ ಬರೀ ಸೀದಾ, ಕೆಲಸ ತಿರುಗಿಸುವುದಿಲ್ಲ, ಪಕ್ಕದ ಹೊಲಿಗೆ ಹಾಕುವುದೂ ಇಲ್ಲ. ಆ ಹೊಲಿಗೆಗೆ ಹೋಗುವ ಸಮಯವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೆಣೆದು ಮುಗಿದರೂ ಹೊಲಿಯದೆ ಕಪಾಟಿನಲ್ಲಿ ಬಿದ್ದ ಸ್ವೆಟರುಗಳು ಎಷ್ಟು ಮನೆಯಲ್ಲಿಲ್ಲ?

ಕಡ್ಡಿ ಯಾವುದು ಅಂತ ಕೇಳಿದರೆ, ವೇಗಕ್ಕೆ ಲೋಹದ್ದೇ. ಕುಣಿಕೆ ಜಾರುತ್ತದೆ. ಬಿದಿರಿನ ಕಡ್ಡಿ ದಾರವನ್ನು ಹಿಡಿದುಕೊಳ್ಳುತ್ತದೆ, ಹೊಸಬರಿಗೆ ಅದು ಧೈರ್ಯ, ಕೈ ಪಳಗಿದ ಮೇಲೆ ಬ್ರೇಕ್. ಮಳೆಗಾಲದ ಮುಂಬೈಯಲ್ಲಿ ಬೆವರಿದ ಬೆರಳಿಗೆ ಅಕ್ರಿಲಿಕ್ ಅಂಟುವಾಗ ಪ್ಲಾಸ್ಟಿಕ್ ಕಡ್ಡಿ ಇದ್ದರಂತೂ ಕಿರ್ ಕಿರ್ ಅನ್ನುತ್ತದೆ. ನೀಲಗಿರಿಯ ಕೇಟ್ಟಿಯಲ್ಲಿ ತಯಾರಾಗುವ ಪೋನಿ ಅಲ್ಯೂಮಿನಿಯಂ ಕಡ್ಡಿ ಸಾಕು, ದುಬಾರಿಯದ್ದೇ ಬೇಕು ಅಂತಿಲ್ಲ. ಕೈಗೆ ಪೌಡರ್ ಹಚ್ಚಿಕೊಳ್ಳಬೇಡಿ, ಗಾಢ ಬಣ್ಣದ ಉಲ್ಲನ್ ಮೇಲೆ ಬಿಳಿ ಕಲೆ ಕೂರುತ್ತದೆ. ತೊಳೆದು ಒರೆಸಿಕೊಂಡು ಫ್ಯಾನ್ ಕೆಳಗೆ ಕೂತರಾಯಿತು.

ನಂಬರಿನ ವಿಷಯದಲ್ಲಿ ಎಚ್ಚರ. ನಮ್ಮ ಅಂಗಡಿಯ 8 ನಂಬರ್ ಹಳೇ ಬ್ರಿಟಿಷ್ ಲೆಕ್ಕದ್ದು, 4 ಮಿಲಿಮೀಟರ್. 10 ನಂಬರ್ ಅಂದರೆ 3.25. ನಂಬರ್ ಏರಿದಷ್ಟೂ ಕಡ್ಡಿ ತೆಳು. ಅಮೆರಿಕದ ಲೆಕ್ಕ ಇದಕ್ಕೆ ತಿರುಗುಮುರುಗು, ಅವರ 8 ಅಂದರೆ 5 ಮಿಲಿಮೀಟರ್. ಯೂಟ್ಯೂಬ್ ನೋಡಿ ಅವರ ಪ್ಯಾಟರ್ನಿಗೆ ನಮ್ಮ 8 ಹಿಡಿದು ಕೂತರೆ ಅಳತೆ ತಪ್ಪಿ ಎಲ್ಲ ಬಿಚ್ಚಬೇಕಾಗುತ್ತದೆ. ಬಿಚ್ಚುವುದಕ್ಕಿಂತ ನಿಧಾನದ ಹೆಣಿಗೆ ಇಲ್ಲ. ಹಾಗಾಗಿ ಮಿಲಿಮೀಟರ್ ನೋಡಿ.

ದಪ್ಪ ಉಲ್ಲನ್ ಹಿಡಿದರೆ ಬೇಗ ಮುಗಿಯುವುದಿಲ್ಲವಾ? ಮುಗಿಯುತ್ತದೆ. 4 ಇಂಚಿಗೆ 18 ಕುಣಿಕೆ, 24 ಸಾಲು ಬರುವ ದಾರವಾದರೆ ಮೇಲಿನ ಲೆಕ್ಕ 16,200ಕ್ಕೆ ಇಳಿಯುತ್ತದೆ. ಆದರೆ ಅಂಥ ಸ್ವೆಟರನ್ನು ಪುಣೆಯಲ್ಲಿ ಬೆಳಗಿನ ವಾಕಿಂಗಿಗೆ ಹಾಕಿಕೊಂಡು ಹೋದವರು ಎಂಟು ಗಂಟೆಗೆ ಕೈಯಲ್ಲಿ ಹಿಡಿದುಕೊಂಡು ಬರುತ್ತಾರೆ.

ಇನ್ನು ಸಣ್ಣಪುಟ್ಟ ನಿಲುಗಡೆಗಳು. ಕುಣಿಕೆಗಳು ಕಡ್ಡಿಯ ತುದಿಯ ಹತ್ತಿರ ಇರಲಿ, ಸಡಿಲವಾಗಿ ಹೆಣೆಯಿರಿ. ಬಿಗಿಯಾಗಿ ಹೆಣೆಯುವವರು ಪ್ರತಿ ಕುಣಿಕೆಯನ್ನೂ ಹೆಬ್ಬೆರಳಿನಿಂದ ತಳ್ಳಬೇಕಾಗುತ್ತದೆ. 20 ಕುಣಿಕೆಗೊಂದು ಮಾರ್ಕರ್ (ಕಡ್ಡಿಗೆ ಹಾಕುವ ಗುರುತಿನ ರಿಂಗ್) ಹಾಕಿದರೆ 220 ಅನ್ನು ಮತ್ತೆ ಮತ್ತೆ ಎಣಿಸುವುದು ತಪ್ಪುತ್ತದೆ. ಶುರುವಿನ ಕುಣಿಕೆ ಏರಿಸುವಾಗ ಎರಡು ಉಂಡೆಗಳ ತುದಿ ಸೇರಿಸಿ ಏರಿಸಿ, 220ರ ಬದಲು 190ಕ್ಕೇ ಏರಿಸಲು ಬಿಟ್ಟುಕೊಂಡ ತುದಿಯ ದಾರ ಮುಗಿಯುವ ಗೋಳು ಇರುವುದಿಲ್ಲ. ಎರಡೂ ತೋಳನ್ನು ಒಂದೇ ರೌಂಡ್ ಕಡ್ಡಿಯ ಮೇಲೆ ಎರಡು ಉಂಡೆ ಇಟ್ಟು ಒಟ್ಟಿಗೆ ಹೆಣೆಯಿರಿ. ಹಾಕಬೇಕಾದ ಕುಣಿಕೆಗಳೇನೂ ಕಡಿಮೆ ಆಗುವುದಿಲ್ಲ, ಆದರೆ ಒಂದು ತೋಳು ಉದ್ದ ಒಂದು ಗಿಡ್ಡ ಆಗುವುದು ತಪ್ಪುತ್ತದೆ.

ನೋಡದೆ ಹೆಣೆಯುವುದು ಕೂಡ ಕಲಿಯಬೇಕಾದ ವಿದ್ಯೆ. ಡೆಕ್ಕನ್ ಕ್ವೀನ್‌ನಲ್ಲಿ ಪುಣೆಯಿಂದ ಮುಂಬೈಗೆ ಮೂರು ಗಂಟೆ ಚಿಲ್ಲರೆ, ಕೂತು ಹೆಣೆಯಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಲೋಣಾವಳಾ ದಾಟಿ ಘಾಟಿನ ಸುರಂಗಗಳು ಒಂದರ ಹಿಂದೆ ಒಂದು ಬರುವಾಗ, ಬೋಗಿಯಲ್ಲಿ ದೀಪ ಇದ್ದರೂ ಕಣ್ಣು ಬೆಳಕಿಗೂ ಕತ್ತಲಿಗೂ ಹೊಂದಿಕೊಳ್ಳುತ್ತಾ ಒದ್ದಾಡುತ್ತದೆ. ಆಗ ಕಣ್ಣನ್ನು ಬಿಟ್ಟು ಎಡಗೈಯ ತೋರುಬೆರಳಿನಿಂದ ಮುಂದಿನ ಕುಣಿಕೆಯನ್ನು ಮುಟ್ಟಿ ನೋಡಿಕೊಳ್ಳಿ. ಲೋಕಲ್ ಟ್ರೇನಿನಲ್ಲಿ ಉದ್ದ ಕಡ್ಡಿ ಬೇಡ, ಪಕ್ಕದವರಿಗೆ ಚುಚ್ಚುತ್ತದೆ.

ಕೈ ಜೋಮು ಹಿಡಿದರೆ, ಮಣಿಕಟ್ಟು ನೋವಾದರೆ ಅಲ್ಲಿಗೇ ನಿಲ್ಲಿಸಿ. ಅರ್ಧ ಗಂಟೆಗೊಮ್ಮೆ ಎದ್ದು ಬೆರಳು ಬಿಡಿಸಿ. ರಾತ್ರಿಯೂ ಜೋಮು ಬರುತ್ತಿದ್ದರೆ ಡಾಕ್ಟರಿಗೆ ತೋರಿಸಿ, ಆರ್ಡರ್ ಕಾಯುತ್ತದೆ.

ಇದನ್ನೆಲ್ಲ ಓದಿ ಈಗ ಕೈಯಲ್ಲಿರುವ ಸ್ವೆಟರಿನ ಮೇಲೆ ಪ್ರಯೋಗ ಮಾಡಬೇಡಿ. ಪದ್ಧತಿ ಬದಲಾದರೆ ಬಿಗಿ ಬದಲಾಗುತ್ತದೆ, ಒಂದು ತೋಳು ಬಲಗೈ ದಾರದ್ದು ಇನ್ನೊಂದು ಎಡಗೈಯದ್ದಾದರೆ ಅಗಲದಲ್ಲಿ ವ್ಯತ್ಯಾಸ ಕಾಣುತ್ತದೆ. ಅದನ್ನು ಹಳೇ ರೀತಿಯಲ್ಲೇ ಮುಗಿಸಿ. ಹೊಸದನ್ನು ಕಲಿಯುವುದು ಮಾರ್ಚ್ ನಂತರ, 40 ಕುಣಿಕೆ ಏರಿಸಿಕೊಂಡು ಹತ್ತಿ ದಾರದಲ್ಲಿ ಪಾತ್ರೆ ಒರೆಸುವ ಬಟ್ಟೆ ಹೆಣೆಯಿರಿ. ಸೊಟ್ಟಗಾದರೂ ಪಾತ್ರೆ ಒರೆಸುತ್ತದೆ, ಬೇಸಿಗೆಯಲ್ಲಿ ಹತ್ತಿ ಕೈಗೂ ಅಂಟುವುದಿಲ್ಲ.